ಮೋಟಾರು ಕಟ್ಟೋ ಮುಂಚೆ ಸೈಕಲ್ ನೋಡ್ರಿ

ದಾವಣಗೆರೆ ಮಂಡಿಪೇಟೆಯ ಅಂಗಡಿಗಳ ಮುಂದೆ ಈಗೀಗ ಒಂದು ಹೊಸ ಜಾತಿಯ ಸೈಕಲ್ ಕಾಣಿಸುತ್ತಿದೆ. ನೋಡಲಿಕ್ಕೆ ಅದೇ ಹಳೇ ಕರೀ ಸೈಕಲ್. ಕ್ಯಾರಿಯರ್ ಮೇಲೆ ಒಂದು ತಗಡಿನ ಡಬ್ಬಿ, ಡಬ್ಬಿಯಿಂದ ಹ್ಯಾಂಡಲ್‌ವರೆಗೆ ವೈರು, ಮುಂದಿನ ಚಕ್ರದ ನಡುಮಧ್ಯೆ ಗುಂಡನೆಯ ಮೋಟಾರು. ಸವಾರ ಪೆಡಲ್ ಮೇಲೆ ಕಾಲಿಟ್ಟು ಸುಮ್ಮನೆ ಕೂತಿರುತ್ತಾನೆ, ಸೈಕಲ್ ತಾನೇ ಓಡುತ್ತದೆ. ನಿಂತು ನೋಡುವವರಿಗೆ ತಮಾಷೆ. ಆದರೆ ಅದೇ ಸೈಕಲ್ ಸಂಜೆ ಹೊತ್ತು ಮಾರ್ಕೆಟ್ ಜನದ ನಡುವೆ ನಿಲ್ಲಬೇಕಾದಾಗ ತಮಾಷೆ ಉಳಿಯೋದಿಲ್ಲ. ಸವಾರ ಎರಡೂ ಕಾಲು ನೆಲಕ್ಕೆ ಊರಿ, ಚಪ್ಪಲಿ ಉಜ್ಜಿಕೊಂಡು ನಿಲ್ಲಿಸುತ್ತಾನೆ!

ಈ ಚಪ್ಪಲಿ ಬ್ರೇಕಿನ ಬಗ್ಗೆ ಎರಡು ಮಾತು ಹೇಳಲೇಬೇಕಾಗಿದೆ.

ಹಾಗಂತ ಮೋಟಾರು ಕಟ್ಟಿಸಿಕೊಂಡವರನ್ನು ಬೈಯುವುದು ಸರಿಯಲ್ಲ. 2025ರ ಜನವರಿ 5ರಿಂದ ಸರ್ಕಾರಿ ಬಸ್ ಚಾರ್ಜು ನೂರಕ್ಕೆ 15ರಷ್ಟು ಏರಿತು. ಹೆಂಗಸರಿಗೆ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಒಳ್ಳೆಯದೇ ಆಯಿತು. ಹರಿಹರದಿಂದ ದಿನಾ ಬಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಗಂಡಸಿಗೆ ಆ ಸವಲತ್ತಿಲ್ಲ. ಹೋಗಿ ಬರೋದು ಸುಮಾರು 28 ಕಿಲೋಮೀಟರು. 36 ವೋಲ್ಟಿನ 10 ಆಂಪಿಯರ್ ಅವರ್ ಬ್ಯಾಟರಿ ತುಂಬಿಸಲು ಅರ್ಧ ಯೂನಿಟ್ ಕರೆಂಟೂ ಬೇಡ. ನಡುನಡುವೆ ಪೆಡಲ್ ತುಳಿದರೆ ಅಷ್ಟರಲ್ಲೇ ಮೂವತ್ತು ಕಿಲೋಮೀಟರು ಸಾಗುತ್ತದೆ. ಲೆಕ್ಕ ಬರೆಯುವವನಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ.

ತಪ್ಪಾಗುತ್ತಿರುವುದು ಬೇರೆ ಕಡೆ. ಜನ ಮೊದಲು ಕಿಟ್ ತರುತ್ತಾರೆ, ಆಮೇಲೆ ಮನೆಯಲ್ಲಿ ಯಾವ ಸೈಕಲ್ ಬಿದ್ದಿದೆಯೋ ಅದನ್ನು ಹುಡುಕುತ್ತಾರೆ. ಕಿಟ್ ಮಾರುವವರು ಹೇಳೋದು ಒಂದೇ ಮಾತು: “ಯಾವ ಸೈಕಲ್ ಆದ್ರೂ ನಡೀತದೆ ಅಣ್ಣಾ, ತಗಂಡ್ ಬಾ.” ನಡೆಯುವುದೇನೋ ನಡೀತದೆ. ನಿಲ್ಲುತ್ತದೆಯಾ ಅನ್ನೋದು ಪ್ರಶ್ನೆ.

ಕರೀ ಸೈಕಲ್ಲನ್ನೇ ತೆಗೆದುಕೊಳ್ಳಿ. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಆದರೂ ಅದರ ಸೈಕಲ್ಲುಗಳು ಊರಲ್ಲಿ ಇನ್ನೂ ಅಕ್ಕಿ ಮೂಟೆ ಹೊರುತ್ತಿವೆ. ಫ್ರೇಮು ಗಟ್ಟಿ, ಉಕ್ಕಿನ ಫೋರ್ಕು ಗಟ್ಟಿ. ಮೋಟಾರಿಗೆ ಇದಕ್ಕಿಂತ ಒಳ್ಳೆ ಸೈಕಲ್ ಬೇಕಾ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಅದರ ಬ್ರೇಕ್ ನೋಡಿ. ಸರಳಿನ ಬ್ರೇಕ್. ಹಿಡಿ ಒತ್ತಿದರೆ ಸರಳು ಮೇಲಕ್ಕೆ ಎಳೆದು, ರಬ್ಬರು ರಿಮ್ಮಿನ ಒಳಮೈಗೆ ತಾಗಬೇಕು. ಅದಕ್ಕೆಂದೇ ಆ ರಿಮ್ಮಿಗೆ ಬೇರೆ ಆಕಾರ. ಕಿಟ್ ಜೊತೆ ಬರುವ ಚಕ್ರದ ರಿಮ್ಮು ಸಾಮಾನ್ಯವಾಗಿ ಆ ಆಕಾರದ್ದಲ್ಲ, ಅಳತೆಯೂ ಅದಲ್ಲ. ಕರೀ ಸೈಕಲ್ಲಿನದು 28ಕ್ಕೆ ಒಂದೂವರೆ ಇಂಚು, ಕಿಟ್ಟಿನದು 26 ಅಥವಾ ಗೇರ್ ಸೈಕಲ್ಲಿನ ಅಳತೆ. ಹಾಗಾದರೆ ಹಳೇ ರಿಮ್ಮಿಗೇ ಮೋಟಾರು ಹಾಕಿ ಕಡ್ಡಿ ಕಟ್ಟಿಸಿದರೆ? ಹಳೇ ಪದ್ಧತಿಯಲ್ಲಿ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಮೋಟಾರಿಗೆ ಹೆಚ್ಚಾಗಿ 36 ತೂತು. ಯಾವುದೂ ಹೊಂದೋದಿಲ್ಲ. ಆಗ ಫಿಟ್ ಮಾಡುವ ಹುಡುಗ ಏನು ಮಾಡುತ್ತಾನೆ? ಕಿಟ್ಟಿನ ಚಕ್ರ ತೂರಿಸಿ, ಮುಂದಿನ ಬ್ರೇಕ್ ಸರಳನ್ನು ಬಿಚ್ಚಿ ಸವಾರನ ಕೈಗೇ ಕೊಡುತ್ತಾನೆ! ಉಳಿಯುವುದು ಹಿಂದಿನ ಬ್ರೇಕ್ ಒಂದೇ. ಅದೂ ಮಳೆಯಲ್ಲಿ ನೆನೆದ ಉಕ್ಕಿನ ರಿಮ್ಮಿನ ಮೇಲೆ ಜಾರುತ್ತದೆ.

ಸೈಕಲ್ ತುಳಿಯುವವನ ವೇಗ ಗಂಟೆಗೆ ಹನ್ನೆರಡು ಕಿಲೋಮೀಟರು ಅಂತ ಇಟ್ಟುಕೊಳ್ಳಿ. ಮೋಟಾರು ಅದನ್ನು ಇಪ್ಪತ್ನಾಲ್ಕು ಮಾಡುತ್ತದೆ. ವೇಗ ಎರಡು ಪಟ್ಟಾದರೆ, ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟು. ಮೋಟಾರು ಹೊಸದು, ಬ್ರೇಕ್ ಅಜ್ಜನ ಕಾಲದ್ದು, ನಡುವೆ ಸ್ಕೂಲ್ ಬಿಟ್ಟು ಬರುವ ಮಕ್ಕಳು.

ಇನ್ನು ಕೆಲವರು ಕಾಲೇಜು ಹುಡುಗರು ಓಡಿಸಿ ಬಿಟ್ಟ ಗೇರ್ ಸೈಕಲ್ಲನ್ನು ಸೆಕೆಂಡ್ ಹ್ಯಾಂಡಿಗೆ ತರುತ್ತಾರೆ. ಮುಂದೆ ಸ್ಪ್ರಿಂಗ್ ಇದೆ, ಮೈ ಮೆತ್ತಗೆ, ನೋಡಲಿಕ್ಕೆ ಚೆಂದ. ಆ ಸ್ಪ್ರಿಂಗ್ ಫೋರ್ಕಿಗೆ ಮುಂದಿನ ಮೋಟಾರು ಕಟ್ಟಿಸಬೇಡಿ, ಇದನ್ನು ಕಟ್ಟುನಿಟ್ಟಾಗಿ ಹೇಳಬೇಕು. ಮೋಟಾರು ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಆಕ್ಸಲ್ಲು ಅಷ್ಟೇ ಬಲದಿಂದ ಹಿಂದಕ್ಕೆ ತಿರುಗಲು ನೋಡುತ್ತದೆ. ಅದನ್ನು ತಡೆಯುವುದು ಫೋರ್ಕಿನ ತುದಿಯ ಆ ಎರಡು ಸೀಳು ಮಾತ್ರ. ಉಕ್ಕಾದರೆ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂ ಆದರೆ ಸೀಳು ಅಗಲವಾಗುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ. ಆಕ್ಸಲ್ಲು ಒಮ್ಮೆ ತಿರುಗಿತೋ, ವೈರು ಕತ್ತರಿಸಿ ಚಕ್ರವೇ ಕಳಚಬಹುದು. ಉಕ್ಕಿನ ಫೋರ್ಕಾದರೂ ಆಕ್ಸಲ್ಲನ್ನು ಫೋರ್ಕಿಗೆ ಬಿಗಿಯುವ ಒಂದು ಉಕ್ಕಿನ ಪಟ್ಟಿ ಹಾಕಿಸಬೇಕು. ಕಿಟ್ ಡಬ್ಬಿಯಲ್ಲಿ ಅದು ಇದ್ದರೂ ಹಲವರು ಮೂಲೆಗೆ ಎಸೆಯುತ್ತಾರೆ.

ಲೇಡೀಸ್ ಸೈಕಲ್ಲಿಗೆ ಮೇಲಿನ ಪೈಪೇ ಇಲ್ಲ, ಬ್ಯಾಟರಿಗೆ ನಡುವೆ ಜಾಗವಿಲ್ಲ, ಕ್ಯಾರಿಯರ್ ಮೇಲೇ ಹೇರಬೇಕು. ಹೇರಿದರೆ ಹಿಂದು ತೂಗಾಡುತ್ತದೆ. ಅದರಲ್ಲೂ ಅಗ್ಗವೆಂದು ಸೀಸದ ಬ್ಯಾಟರಿ ಮೂರು ಹಾಕಿಸಿದರೆ ಹನ್ನೆರಡು ಕಿಲೋ ತೂಕ! ಲಿಥಿಯಂ ಆದರೆ ಎರಡು ಮೂರು ಕಿಲೋದಲ್ಲಿ ಮುಗಿಯುತ್ತದೆ.

ಹಾಗಾದರೆ ಯಾವ ಸೈಕಲ್? ಗೇರಿಲ್ಲದ, ಸ್ಪ್ರಿಂಗಿಲ್ಲದ, 26 ಇಂಚಿನ ಚಕ್ರದ ಉಕ್ಕಿನ ಸೈಕಲ್. ಹೈಸ್ಕೂಲ್ ಹುಡುಗರು ಓಡಿಸುವ ದಪ್ಪ ಟಯರಿನದು. ಯಾರೂ ತಿರುಗಿ ನೋಡದ ಸೈಕಲ್ ಅದು. ಆದರೆ ಅದಕ್ಕೆ ಕೇಬಲ್ ಬ್ರೇಕ್ ಇದೆ, ರಬ್ಬರು ರಿಮ್ಮಿನ ಪಕ್ಕೆ ಹಿಡಿಯುತ್ತದೆ, ಬ್ರೇಕ್ ಶೂ ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ. ಮೂಟೆ ಹೊರುವ ವ್ಯಾಪಾರಿಗೆ ಮಾತ್ರ ಮೋಟಾರು ಹಿಂದಿನ ಚಕ್ರಕ್ಕಿದ್ದರೆ ಮೇಲು. ಭಾರ ಹಿಂದಿದ್ದಾಗ ಮುಂದಿನ ಚಕ್ರ ಹಗುರಾಗಿ, ಮರಳು ಕೆಸರಿನಲ್ಲಿ ಸುಮ್ಮನೆ ಉರುಳಾಡುತ್ತದೆ.

ಕಾನೂನಿನ ಮಾತನ್ನೂ ತಿಳಿದಿರಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ 250 ವಾಟ್‌ಗಿಂತ ಕಡಿಮೆಯ ಮೋಟಾರು ಇದ್ದು, 25 ಕಿಲೋಮೀಟರು ವೇಗ ಬಂದಾಗ ಅಥವಾ ಪೆಡಲ್ ನಿಲ್ಲಿಸಿದಾಗ ಅದು ತಾನೇ ಬಂದಾಗುವ ಸೈಕಲ್ಲಿಗೆ ಲೈಸೆನ್ಸು, ನಂಬರು ಬೇಡ. ಆದರೆ ಸರಿಯಾದ ಬ್ರೇಕು, ಮುಂದೆ ಬಿಳಿ ರಿಫ್ಲೆಕ್ಟರು, ಹಿಂದೆ ಕೆಂಪು ಇರಬೇಕು, ಪರೀಕ್ಷಾ ಸಂಸ್ಥೆ ನೋಡಿ ಒಪ್ಪಿರಬೇಕು ಎಂದೂ ಅದೇ ನಿಯಮದಲ್ಲಿದೆ. ಕಿಟ್ ಮಾರುವವರನ್ನು ಆ ಒಪ್ಪಿಗೆ ಕಾಗದ ಕೇಳಿ ನೋಡಿ, ಮಾತು ಬದಲಾಯಿಸುತ್ತಾರೆ. ಪೆಟ್ರೋಲ್ ಎಂಜಿನ್ ಕಿಟ್ಟಿನ ಕತೆ ಇನ್ನೂ ಕಷ್ಟ. 25 ಸಿಸಿ ದಾಟಿದರೆ ಅದು ಕಾನೂನಿನ ಕಣ್ಣಿಗೆ ಮೋಟಾರು ವಾಹನ. ನಂಬರಿಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಸೈಕಲ್ ಅಂತ ವಾದಿಸಿ ಉಪಯೋಗವಿಲ್ಲ.

1972ರಲ್ಲಿ ಲೂನಾ ಬಂತು, 1980ರಲ್ಲಿ ಟಿವಿಎಸ್ 50 ಬಂತು. ಅವೂ ಪೆಡಲ್ ಇದ್ದ ಗಾಡಿಗಳೇ. ಆದರೆ ಎಂಜಿನ್ ಇಟ್ಟವರು ಡ್ರಮ್ ಬ್ರೇಕನ್ನೂ ಇಟ್ಟರು. ಈಗ ಅದನ್ನು ಯೋಚಿಸಬೇಕಾದವರು ಸೈಕಲ್ ಶಾಪಿನವರು. ಕಿಟ್ ಮಾರುವವನು ತಪ್ಪಿಸಿಕೊಂಡರೂ ಪಂಕ್ಚರಿಗೆ, ಬೆಂಡು ತೆಗೆಸಲಿಕ್ಕೆ ಜನ ಬರೋದು ಅವರ ಹತ್ತಿರವೇ. “ಯಜಮಾನ್ರೇ, ಬ್ರೇಕ್ ಮಾಡಿಸ್ದೆ ಇದ್ರೆ ಮೋಟಾರು ಮುಟ್ಟೋದಿಲ್ಲ” ಅಂತ ಅವರು ಗಟ್ಟಿಯಾಗಿ ಹೇಳಬೇಕು. ಒಂದೆರಡು ಗಿರಾಕಿ ಸಿಟ್ಟಾಗಿ ಪಕ್ಕದ ಅಂಗಡಿಗೆ ಹೋಗಬಹುದು. ಪಕ್ಕದ ಅಂಗಡಿಯವರೂ ಅದನ್ನೇ ಹೇಳಿದರೆ ವಾಪಸ್ ಬರುತ್ತಾರೆ.