ಅರೆಕಾಲಿಕ ಬಾತ್ಮೀದಾರನ ಅರೆಹೊಟ್ಟೆ

ನಮ್ಮ ವರ್ತಮಾನಪತ್ರಗಳು ಲೋಕದ ಅನ್ಯಾಯಗಳನ್ನೆಲ್ಲ ಎತ್ತಿ ಆಡುತ್ತವೆ. ಗಿರಣಿಯ ಕೂಲಿಕಾರನಿಗೆ ಹೆಚ್ಚಿನ ತಾಸುಗಳ ಪಗಾರ ದೊರೆಯದಿದ್ದರೆ ಅಗ್ರಲೇಖ ಬರುತ್ತದೆ. ಅಂಗನವಾಡಿಯ ಕಾರ್ಯಕರ್ತೆಗೆ ಗೌರವಧನ ತಡವಾದರೆ ಸರಕಾರದ ಕಿವಿ ಹಿಂಡುತ್ತವೆ. ಇದು ಯೋಗ್ಯವೇ ಸರಿ. ಆದರೆ ಆ ಅಗ್ರಲೇಖಕ್ಕೆ ಆಧಾರವಾದ ಬಾತ್ಮಿಯನ್ನು ತಾಲೂಕಿನಿಂದ ಬರೆದು ಕಳಿಸಿದವನಾರು, ಅವನ ಆ ರಾತ್ರಿಯ ದುಡಿಮೆಗೆ ಸಂದುದೆಷ್ಟು ಎಂಬ ಪ್ರಶ್ನೆಯು ಅದೇ ಪತ್ರಿಕೆಯ ಪುಟದಲ್ಲಿ ಕಾಣಸಿಗುವದು ಅತಿ ವಿರಳ. ದೀಪದ ಬುಡದಲ್ಲಿಯೇ ಕತ್ತಲೆ!

ಅರೆಕಾಲಿಕ ಬಾತ್ಮೀದಾರನೆಂದರೆ ಯಾರು? ಕಾಗದದ ಮೇಲೆ ಅವನು ದಿನಕ್ಕೆ ಎರಡು ತಾಸಿನ ಕೆಲಸದವನು. ಆದರೆ ನೆರೆ ಬಂದು ಸೇತುವೆ ಮುಳುಗುವದು ಆ ಎರಡು ತಾಸುಗಳನ್ನು ನೋಡಿಕೊಂಡೇ? ಹೆದ್ದಾರಿಯ ಅಪಘಾತವು ಹಗಲಿನಲ್ಲಿಯೇ ಆಗುವದೇ? ಪುರಸಭೆಯ ಸಭೆ ಸಂಜೆಗೆ ಮುಂದೂಡಲ್ಪಟ್ಟರೆ ಅವನು ಸಂಜೆಯವರೆಗೆ ಕಾಯಬೇಕು. ಮತ ಎಣಿಕೆಯ ದಿನ ನಸುಕಿನಿಂದ ನಿಲ್ಲಬೇಕು. ರಾತ್ರಿ ಹನ್ನೊಂದಕ್ಕೆ ಕಚೇರಿಯಿಂದ ಮೊಬೈಲ್ ಕರೆ ಬಂದರೆ ಎದ್ದು ಹೋಗಿ ಫೋಟೋ ತೆಗೆದು ಕಳಿಸಬೇಕು. ಪೆಟ್ರೋಲು ಅವನದು, ಮೊಬೈಲು ಅವನದು, ನಿದ್ದೆಯೂ ಅವನದೇ. ತಿಂಗಳ ಕೊನೆಗೆ ಲೆಕ್ಕಕ್ಕೆ ಬರುವದು ಮಾತ್ರ ಅಚ್ಚಾದ ಬಾತ್ಮಿಯ ಉದ್ದ, ಇಲ್ಲವೆ ಎಂದೋ ಗೊತ್ತು ಮಾಡಿದ ಅಲ್ಪ ಮೊತ್ತ. ಅಚ್ಚಾಗದೆ ಉಳಿದ ಬಾತ್ಮಿಗೂ, ಕಾದು ಕಳೆದ ತಾಸುಗಳಿಗೂ ಬೆಲೆಯಿಲ್ಲ. ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆ ನಮ್ಮಲ್ಲುಂಟು. ಇಲ್ಲಿ ಕೆಸರು ಒಬ್ಬನ ಕೈಗೆ, ಮೊಸರು ಮತ್ತೊಬ್ಬನ ಬಾಯಿಗೆ.

ಇದಕ್ಕೆ ಮಾಲಕರು ಕೊಡುವ ಉತ್ತರಗಳು ಮೂರು. ಒಂದೊಂದನ್ನೇ ವಿಚಾರಿಸೋಣ.

ಮೊದಲನೆಯದು: ‘ಪತ್ರಿಕೋದ್ಯೋಗವು ಸೇವೆ, ವ್ಯಾಪಾರವಲ್ಲ.’ ಕರ್ನಾಟಕದಲ್ಲಿ ಈ ಮಾತಿಗೆ ಒಂದು ಪವಿತ್ರ ಇತಿಹಾಸವಿದೆ. ಆದುದರಿಂದಲೇ ಇದರ ದುರುಪಯೋಗವು ಹೆಚ್ಚು ನೋವಿನದು. 1956ರ ನವೆಂಬರ 1ಕ್ಕಿಂತ ಮೊದಲು ಕನ್ನಡ ನಾಡು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದಾಗ, ಒಂದು ಭಾಗದ ಕನ್ನಡಿಗನ ಸುಖದುಃಖವನ್ನು ಇನ್ನೊಂದು ಭಾಗದವನಿಗೆ ತಿಳಿಸಿದವು ಪತ್ರಿಕೆಗಳು. ಅವುಗಳಿಗೆ ಊರೂರಿನಿಂದ ಬರೆದ ಮಾಸ್ತರರು, ವಕೀಲರು ಎಷ್ಟೋ ಜನ ಬಿಡಿಕಾಸನ್ನೂ ಬಯಸಲಿಲ್ಲ. ನಿಜ. ಆದರೆ ಅಂದು ಪತ್ರಿಕೆಯನ್ನು ನಡೆಸಿದವರು ಏನು ಗಳಿಸಿದರು? ಆಲೂರ ವೆಂಕಟರಾಯರು 1922ರಲ್ಲಿ ‘ಜಯ ಕರ್ನಾಟಕ’ವನ್ನು ಆರಂಭಿಸಿದ್ದು ಹಣ ಮಾಡಲಿಕ್ಕಲ್ಲ. ಜಾಮೀನು ತೆತ್ತವರು, ಸೆರೆಮನೆ ಕಂಡವರು, ಸಾಲಮಾಡಿ ಕಾಗದ ಕೊಂಡವರು ಅಂದಿನ ಸಂಪಾದಕರು. ತ್ಯಾಗವು ಎರಡೂ ಕಡೆಗಿತ್ತು; ಆದುದರಿಂದ ಅದು ತ್ಯಾಗವಾಗಿತ್ತು. ಇಂದು ಒಂದು ಕಡೆಗೆ ಜಾಹೀರಾತಿನ ಲಾಭ, ಇನ್ನೊಂದು ಕಡೆಗೆ ಸೇವೆಯ ಉಪದೇಶ! ಕಾಯಕತತ್ತ್ವವನ್ನು ಜಗತ್ತಿಗೆ ಸಾರಿದ ನಾಡು ನಮ್ಮದು. ಕಾಯಕ ಮಾಡಿದವನ ಪಾಲನ್ನು ತಡೆಹಿಡಿದು ಅದಕ್ಕೆ ದಾಸೋಹವೆಂದು ಹೆಸರಿಡುವದು ಆ ತತ್ತ್ವಕ್ಕೇ ಅಪಚಾರ.

ಎರಡನೆಯದು: ‘ಅವನಿಗೆ ಬೇರೆ ಜೀವನೋಪಾಯವುಂಟು.’ ಇದ್ದರೇನಾಯಿತು? ಶಾಲಾಮಾಸ್ತರರಾದ ವಾಚಕರು ಹೇಳಲಿ: ಎಸ್.ಎಸ್.ಎಲ್.ಸಿ. ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋದಾಗ, ‘ನಿಮಗೆ ಸಂಬಳವಿದೆಯಷ್ಟೆ’ ಎಂದು ಮಂಡಳಿಯು ಬರಿಗೈಯಲ್ಲಿ ಕಳಿಸುವದೇ? ಮತಗಟ್ಟೆಯ ಕೆಲಸಕ್ಕೆ ಭತ್ತೆ ಇಲ್ಲವೇ? ನಮ್ಮ ವಕೀಲಿ ವೃತ್ತಿಯಲ್ಲಿ, ಹೊಲವುಳ್ಳ ವಕೀಲನು ಅರ್ಧ ಶುಲ್ಕಕ್ಕೆ ವಾದಿಸತಕ್ಕದ್ದೆಂದು ಯಾವ ಕಕ್ಷಿಗಾರನೂ ಕೇಳಿದ್ದಿಲ್ಲ. ಪ್ರತಿಫಲವು ಸಲ್ಲುವದು ಮಾಡಿದ ಕೆಲಸಕ್ಕೆ, ಮಾಡಿದವನ ಬಡತನಕ್ಕಲ್ಲ.

ಮೂರನೆಯದು: ‘ಸಣ್ಣ ಪತ್ರಿಕೆಗಳಿಗೆ ಶಕ್ತಿಯಿಲ್ಲ.’ ಇದರಲ್ಲಿ ಸತ್ಯಾಂಶವಿದೆ. ಜಿಲ್ಲಾ ಪತ್ರಿಕೆಯ ಸಂಪಾದಕನೇ ಎಷ್ಟೋ ಸಾರೆ ಬಾತ್ಮೀದಾರನಷ್ಟು ಬಡವ. ಆದರೆ ಶಕ್ತಿಯಿಲ್ಲದವನು ಕೆಲಸವನ್ನು ಕಡಿಮೆ ಕೇಳಬೇಕೇ ಹೊರತು, ಪೂರ್ಣ ಕೆಲಸ ಕೇಳಿ ಕಾಲು ಕೂಲಿ ಕೊಡಬಾರದು. ಅಲ್ಲದೆ ಈ ನೆವವನ್ನು ದೊಡ್ಡ ಪತ್ರಿಕೆಗಳೂ ಹೂಡುವದು ಸೋಜಿಗ!

ಇನ್ನು ಕಾಯದೆಯ ಮಾತು. 1952ರಲ್ಲಿ ನೇಮಕವಾದ ಪ್ರಥಮ ಪತ್ರಿಕಾ ಆಯೋಗವು 1954ರಲ್ಲಿ ವರದಿ ಕೊಟ್ಟಿತು. 1955ರಲ್ಲಿ ಕಾರ್ಯನಿರತ ಪತ್ರಕರ್ತರ ಕಾಯದೆಯಾಯಿತು. ನಾಲ್ಕು ವಾರಗಳಿಗೆ 144 ತಾಸುಗಳಿಗಿಂತ ಹೆಚ್ಚು ದುಡಿಸಬಾರದೆಂದು ಅದು ವಿಧಿಸಿತು. ಬಾತ್ಮೀದಾರನು ಒಂದು ದಿನ ಕೆಲಸಕ್ಕೆ ಇಳಿದನೆಂದರೆ, ಒಪ್ಪಿಸಿದ ಕೆಲಸವೆಲ್ಲ ಮುಗಿಯುವವರೆಗೆ ಕರ್ತವ್ಯದಲ್ಲಿ ಇರುವನೆಂದೇ ತಿಳಿಯತಕ್ಕದ್ದೆಂದು 1957ರ ನಿಯಮಗಳು ಹೇಳಿದವು. ಎಂಥ ನ್ಯಾಯವಾದ ಮಾತು! ಆದರೆ ಹೆಚ್ಚಿನ ತಾಸುಗಳಿಗೆ ಅವು ಗೊತ್ತುಮಾಡಿದ ಪರಿಹಾರ ಹಣವಲ್ಲ, ವಿಶ್ರಾಂತಿ. ಪೂರ್ಣಕಾಲದವನಿಗೆ ಪಗಾರಸಹಿತ ವಿಶ್ರಾಂತಿಯು ಲಾಭವೇ. ಎರಡು ತಾಸಿನ ಪಗಾರದವನಿಗೆ ಅದರಿಂದ ಬಂದುದೇನು?

ಅರೆಕಾಲಿಕರನ್ನೂ ಮುಂದೆ ಕಾಯದೆಯ ವ್ಯಾಖ್ಯೆಯಲ್ಲಿ ಸೇರಿಸಿದರು. ಆದರೆ ಪತ್ರಿಕೋದ್ಯೋಗವು ‘ಪ್ರಧಾನ ಕಸಬು’ ಆಗಿರಬೇಕೆಂಬ ಮಾತು ಉಳಿಯಿತು. ಆ ಕಾಯದೆಯು 2020ರ ಕಾರ್ಮಿಕ ಸಂಹಿತೆಯಲ್ಲಿ ವಿಲೀನವಾಗಿ, ಸಂಹಿತೆಯು 2025ರ ನವೆಂಬರ 21ರಂದು ಜಾರಿಗೆ ಬಂದಿದೆ; ‘ಪ್ರಧಾನ ಕಸಬಿ’ನ ಬಾಗಿಲು ಅಲ್ಲಿಯೂ ಹಾಗೆಯೇ ಇದೆ. ಇದರ ಫಲವನ್ನು ನೋಡಿರಿ. ಪತ್ರಿಕೆಯು ಕೊಡುವ ಹಣದಿಂದ ಹೊಟ್ಟೆ ತುಂಬದ ಕಾರಣ ಅವನು ಅಂಗಡಿ ಇಡುತ್ತಾನೆ. ಅಂಗಡಿ ಇಟ್ಟ ಕಾರಣ, ಪತ್ರಿಕೆಯು ಅವನ ಪ್ರಧಾನ ಕಸಬಲ್ಲವೆಂದು ವಾದಿಸಲು ಮಾಲಕನಿಗೆ ದಾರಿಯಾಗುತ್ತದೆ. ಅನ್ಯಾಯವೇ ಅನ್ಯಾಯಕ್ಕೆ ಸಮರ್ಥನೆ! ಕಾಯದೆಯೊಳಗೆ ಬಂದವರಿಗಾದರೂ ಸುಲಭವಾಯಿತೇ? 2011ರಲ್ಲಿ ಪ್ರಕಟವಾದ ಮಜೀಠಿಯಾ ವೇತನಮಂಡಳಿಯ ಶಿಫಾರಸುಗಳನ್ನು ಮಾಲಕರು ಪ್ರಶ್ನಿಸಿದರು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವುಗಳನ್ನು ಎತ್ತಿಹಿಡಿಯಿತು. ಅಷ್ಟಾದರೂ ಹಣ ಬರದೆ ಪತ್ರಕರ್ತರು ನ್ಯಾಯಾಲಯನಿಂದೆಯ ಅರ್ಜಿಗಳನ್ನು ಹಿಡಿದು 2017ರವರೆಗೆ ಅದೇ ಬಾಗಿಲಲ್ಲಿ ನಿಲ್ಲಬೇಕಾಯಿತು. ಪೂರ್ಣಕಾಲದವರ ಗತಿಯೇ ಇದಾದರೆ ಅರೆಕಾಲಿಕನ ಗತಿಯೇನು?

ಇದು ಒಬ್ಬ ಬಾತ್ಮೀದಾರನ ಸಂಸಾರದ ಪ್ರಶ್ನೆ ಮಾತ್ರವಲ್ಲ, ನಾಡಿನ ಪ್ರಶ್ನೆ. ಪಗಾರ ಕೊಡದೆ ‘ಜಾಹೀರಾತು ತಂದರೆ ದಲ್ಲಾಳಿ ಕೊಡುವೆವು’ ಎಂದರೆ ಅವನು ಯಾರಲ್ಲಿಗೆ ಹೋಗಬೇಕು? ಗುತ್ತಿಗೆದಾರನಲ್ಲಿಗೆ, ಪುಢಾರಿಯಲ್ಲಿಗೆ. ಬೆಳಿಗ್ಗೆ ಯಾರಿಂದ ಜಾಹೀರಾತು ಬೇಡಿದನೋ ಅವರ ಕೆಟ್ಟ ರಸ್ತೆಯನ್ನು ಕುರಿತು ಸಂಜೆ ಅವನು ಬರೆಯಬಲ್ಲನೇ? ಕೂಲಿ ಕೊಡದ ಮಾಲಕನು ಅವನಿಗೆ ಬೇರೊಬ್ಬ ಮಾಲಕನನ್ನು ದೊರಕಿಸಿಕೊಡುತ್ತಾನೆ, ಅಷ್ಟೆ. ಮತ್ತು ಬಾತ್ಮೀದಾರರು ಬೇಸತ್ತು ಬಿಟ್ಟರೆ ಮೊದಲು ಮೌನವಾಗುವವು ದೂರದ ತಾಲೂಕುಗಳು. ಕೇರಳದೊಳಗಿರುವ ಕಾಸರಗೋಡು, ಮಹಾರಾಷ್ಟ್ರದೊಳಗಿರುವ ಜತ್ತ, ಅಕ್ಕಲಕೋಟೆಗಳ ಕನ್ನಡಿಗರ ಕೂಗು. ರಾಜಧಾನಿಯ ಸುದ್ದಿ ಹೇಗೂ ಬರುತ್ತದೆ. ಏಕೀಕರಣವು ನಕಾಶೆಯ ಮೇಲೆ ಆಗಿದ್ದರೆ ಸಾಲದು, ಪತ್ರಿಕೆಯ ಪುಟದ ಮೇಲೂ ದಿನದಿನವೂ ಆಗಬೇಕು.

ಆದುದರಿಂದ ನಾವು ಬೇಡುವದಿಷ್ಟು. ಪ್ರತಿಯೊಬ್ಬ ಅರೆಕಾಲಿಕನಿಗೆ ಬರಹದಲ್ಲಿ ನೇಮಕ ಪತ್ರ. ಅದರಲ್ಲಿ ತಾಸುಗಳ ಮತ್ತು ದರದ ಸ್ಪಷ್ಟ ಉಲ್ಲೇಖ. ಗೊತ್ತುಮಾಡಿದ ತಾಸುಗಳ ಹೊರಗೆ ಕಚೇರಿಯು ಕರೆದರೆ ಆ ಕೆಲಸಕ್ಕೆ ಹಣದ ರೂಪದಲ್ಲಿಯೇ ಪ್ರತಿಫಲ, ರಾತ್ರಿಯಾದರೆ ಹೆಚ್ಚಿನ ದರ. ಕಾದ ಹೊತ್ತಿಗೂ, ಕಚೇರಿಯೇ ಬೇಡಿ ತರಿಸಿಕೊಂಡು ಅಚ್ಚು ಮಾಡದ ಬಾತ್ಮಿಗೂ ಲೆಕ್ಕ. ಪ್ರವಾಸ, ಮೊಬೈಲುಗಳ ವೆಚ್ಚ. ಜಾಹೀರಾತಿನ ಕೆಲಸದಿಂದ ಸಂಪೂರ್ಣ ಬಿಡುಗಡೆ. ಮತ್ತು ಕಾಯದೆಯಲ್ಲಿ ‘ಪ್ರಧಾನ ಕಸಬು’ ಎಂಬ ಅಡೆಯನ್ನು ತೆಗೆದು, ಮಾಡಿದ ಕೆಲಸವನ್ನೇ ಅಳತೆಗೋಲನ್ನಾಗಿ ಮಾಡುವ ತಿದ್ದುಪಡಿ.

ವಾಚಕ ಮಹಾಶಯರೇ, ಇದರಲ್ಲಿ ನಿಮ್ಮ ಪಾಲೂ ಇದೆ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಟಿತೆಂಬ ನೆನಪಿಗೆ ವರ್ಷವರ್ಷವೂ ಪತ್ರಿಕಾ ದಿನವನ್ನು ಆಚರಿಸುತ್ತೇವೆ, ಹಾರತುರಾಯಿಗಳಿಗೆ ಕೊರತೆಯಿಲ್ಲ. ಬರುವ ಜುಲೈ ಒಂದರಂದು ನಿಮ್ಮ ಊರಿನ ಬಾತ್ಮೀದಾರನಿಗೆ ಶಾಲು ಹೊದಿಸುವ ಮೊದಲು, ಸಭೆಯ ಅಧ್ಯಕ್ಷತೆಗೆ ಬಂದ ಪತ್ರಿಕೆಯ ಮಾಲಕರನ್ನು ಎದ್ದು ನಿಂತು ಕೇಳಿರಿ: ‘ಇವರಿಗೆ ಹೋದ ತಿಂಗಳು ಎಷ್ಟು ಕೊಟ್ಟಿರಿ? ಎಷ್ಟು ತಾಸು ದುಡಿಸಿದಿರಿ?’ ಈ ಎರಡು ಪ್ರಶ್ನೆಗಳಿಗೆ ಬಹಿರಂಗವಾಗಿ ಉತ್ತರ ದೊರೆತ ದಿನವೇ ಸುಧಾರಣೆಯ ಆರಂಭ.