ಕಾನೂನಿನಿಂದ ಭಕ್ತಿ ಬಾರದು
ಧರ್ಮದ ನಡತೆಯನ್ನು ಕಾನೂನಿನಿಂದ ಹೇರಬಹುದೇ? ಅಮೆರಿಕದ ಕ್ರೈಸ್ತರಲ್ಲೇ ಇದಕ್ಕೆ ಎರಡು ಉತ್ತರಗಳಿವೆ. ಬಲವಂತದ ಆರಾಧನೆ ದೇವರಿಗೆ ಸಲ್ಲದು ಎಂದ ಪಾದ್ರಿ ರೋಜರ್ ವಿಲಿಯಮ್ಸ್ 1635ರಲ್ಲಿ ಮ್ಯಾಸಚೂಸೆಟ್ಸ್‌ನಿಂದ ಗಡಿಪಾರು ಶಿಕ್ಷೆಗೆ ಗುರಿಯಾದರು; ಮರುವರ್ಷ ಕಟ್ಟಿದ ಪ್ರಾವಿಡೆನ್ಸ್‌ನಲ್ಲಿ ಭಿನ್ನಮತದವರಿಗೂ ಆಶ್ರಯ ಕೊಟ್ಟರು. ಆದರೆ ಹಲವು ಪ್ರೊಟೆಸ್ಟೆಂಟ್ ಚರ್ಚುಗಳ ಒತ್ತಾಯವೂ ಸೇರಿ 1920ರಲ್ಲಿ ದೇಶವಿಡೀ ಪಾನನಿಷೇಧ ಜಾರಿಯಾಯಿತು. ಕುಡಿತ ತಗ್ಗಿದರೂ ನಿಲ್ಲಲಿಲ್ಲ, ಕಳ್ಳದಂಧೆ ಕೊಬ್ಬಿತು. ದಂಧೆಯ ದೊರೆ ಅಲ್ ಕಪೋನ್‌ಗೆ 1931ರಲ್ಲಿ ಜೈಲುಶಿಕ್ಷೆಯಾದದ್ದು ಆದಾಯ ತೆರಿಗೆ ವಂಚನೆಗಾಗಿ. 1933ರಲ್ಲಿ ನಿಷೇಧವೇ ರದ್ದಾಯಿತು.

ಕಳವು, ಹಿಂಸೆಗಳನ್ನು ಕಾನೂನು ತಡೆಯಲೇಬೇಕು. ಆತ್ಮಸಾಕ್ಷಿ ಅದರ ಖಾತೆಗೆ ಸೇರಿದ್ದಲ್ಲ. ಪರದೇಶದಲ್ಲಿ ಅಲ್ಪಸಂಖ್ಯಾತರಾದ ನಾವು ನಿರ್ಭಯವಾಗಿ ದೀಪ ಹಚ್ಚುತ್ತಿದ್ದೇವೆ. ಊರಿನಲ್ಲಿರುವ ನೀವು ನೆರೆಮನೆಯ ಪ್ರಾರ್ಥನೆಗೂ ಅದೇ ಅಭಯ ಕೊಡಿ.