ಭಾಷಾ ಶಿಕ್ಷಕರ ದಣಿವಿಗೆ ಟಾನಿಕ್ ಮದ್ದಲ್ಲ

ನಿಮ್ಮ ಮನೆಯಲ್ಲಿ ಭಾಷಾ ಶಿಕ್ಷಕರಿದ್ದಾರೆಯೇ? ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿ ಕಡೆಯ ನಮ್ಮ ಕುಟುಂಬಗಳಲ್ಲಿ ಕನ್ನಡ, ಉರ್ದು ಅಥವಾ ಇಂಗ್ಲಿಷ್ ಕಲಿಸುವ ಮಗಳೋ ಸೊಸೆಯೋ ಅಳಿಯನೋ ಇರುವುದು ಈಗ ಅಪರೂಪವಲ್ಲ. ದವಾಖಾನೆಗೆ ಬರುವ ಇಂಥವರ ಮಾತು ಹೆಚ್ಚುಕಡಿಮೆ ಒಂದೇ: “ತಲೆಭಾರ, ನಿದ್ದೆಯಿಲ್ಲ, ಶಾಲೆ ಎಂದರೆ ಬೇಸರ. ಒಂದು ಟಾನಿಕ್ ಕೊಡಿ, ಹಕೀಮ್ ಸಾಹೇಬ್ರೇ.” ಇದು ಟಾನಿಕ್‌ನಿಂದ ಹೋಗುವ ದಣಿವಲ್ಲ. ಇದರ ಬೇರು ಕಾಲದ ಲೆಕ್ಕದಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ವೈದ್ಯರು ಇದನ್ನು ‘ಬರ್ನ್‌ಔಟ್’ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದಕ್ಕೆ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ತನ್ನಿಂದ ಏನೂ ಆಗುತ್ತಿಲ್ಲ ಎನಿಸುವುದು. ಇದು ಕಾಯಿಲೆಯಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲ ಎಂದೂ ಅದು ಸ್ಪಷ್ಟಪಡಿಸಿದೆ.

ಭಾಷೆ ಕಲಿಸುವವರಿಗೆ ಈ ಒತ್ತಡ ಬೇರೆಯೇ ರೀತಿಯದು. ನಮ್ಮ ಸೀಮೆಯ ರೈತನಿಗೆ ಗೊತ್ತು: ಭತ್ತ ಕೆಲವೇ ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ, ಅಡಿಕೆ ಸಸಿ ವರ್ಷಗಟ್ಟಲೆ ಕಾಯಿಸುತ್ತದೆ. ಭಾಷೆ ಅಡಿಕೆಯ ಹಾಗೆ. ಮನೆಯಲ್ಲಿ ದಖನಿ ಉರ್ದು ಆಡುವ ಮಗು ಕನ್ನಡದಲ್ಲಿ ತಡವರಿಸದೆ ನಾಲ್ಕು ಸಾಲು ಬರೆಯಲು ವರ್ಷಗಳೇ ಬೇಕು. ಆದರೆ ಶಾಲೆ ಆ ಶಿಕ್ಷಕಿಯನ್ನು ವಾರದ ಪಾಠ, ತಿಂಗಳ ಕಿರುಪರೀಕ್ಷೆಗಳಿಂದ ಅಳೆಯುತ್ತದೆ. ಅಡಿಕೆ ನೆಟ್ಟವರನ್ನು ಭತ್ತದ ಲೆಕ್ಕದಲ್ಲಿ ಕೇಳಿದರೆ ಸೋತೆನೆಂಬ ಭಾವ ಬಾರದಿರುತ್ತದೆಯೇ?

ಇನ್ನು ನೋಟ್‌ಬುಕ್. ಪ್ರಬಂಧವನ್ನು ಸಾಲು ಸಾಲಾಗಿ ಓದದೆ ತಿದ್ದಲಾಗದು. ಐದು ತರಗತಿಗೆ ತಲಾ ನಲವತ್ತು ಮಕ್ಕಳೆಂದರೆ 200 ನೋಟ್‌ಬುಕ್. ಒಂದಕ್ಕೆ ಮೂರೇ ನಿಮಿಷ ಎಂದರೂ ಹತ್ತು ಗಂಟೆ. ವೇಳಾಪಟ್ಟಿಯಲ್ಲಿ ಈ ಹತ್ತು ಗಂಟೆ ಎಲ್ಲಿದೆ? ಅದು ಮನೆಯ ಸಂಜೆಯಿಂದ, ರಾತ್ರಿಯ ನಿದ್ದೆಯಿಂದ ಬರುತ್ತದೆ.

ಮನುಷ್ಯ ಕಾಲವನ್ನು ಮನಸ್ಸಿನಲ್ಲಿ ಹೇಗೆ ಇಟ್ಟುಕೊಳ್ಳುತ್ತಾನೆ ಎಂಬುದೂ ಮುಖ್ಯ. ಅಮೆರಿಕದ ಮನೋವಿಜ್ಞಾನಿಗಳಾದ ಜಿಂಬಾರ್ಡೊ ಮತ್ತು ಬಾಯ್ಡ್ 1999ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿ ಪ್ರಕಟಿಸಿದರು. ಹಿಂದಿನದಕ್ಕೆ ಕೊರಗುವುದು, ಇಂದು ನನ್ನ ಕೈಯಲ್ಲಿಲ್ಲ ಎನ್ನುವುದು, ನಾಳೆಗಾಗಿಯೇ ಬದುಕುವುದು ಅದರಲ್ಲಿರುವ ಕೆಲವು ಬಗೆಗಳು. ದಣಿದ ಶಿಕ್ಷಕರಲ್ಲಿ ನಾನು ಕಾಣುವುದೂ ಇದನ್ನೇ. ಹೋದ ವರ್ಷದ ಫಲಿತಾಂಶದ ಕೊರಗು, ಮಾರ್ಚ್ ಪರೀಕ್ಷೆಯ ಭಯ. ಇವೆರಡರ ನಡುವೆ ಇಂದಿನ ತರಗತಿಯ ಖುಷಿಗೆ ಜಾಗವೇ ಇಲ್ಲ.

ಯುನಾನಿಯಲ್ಲಿ ಆರೋಗ್ಯಕ್ಕೆ ‘ಅಸ್ಬಾಬೆ ಸಿತ್ತಾ ಜರೂರಿಯಾ’ ಎಂಬ ಆರು ಆಧಾರಗಳಿವೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣ. ದೇಹ ಕುಳಿತಿದ್ದರೂ ಮನಸ್ಸು ಓಡುತ್ತಿದ್ದರೆ ಅದು ವಿಶ್ರಾಂತಿಯಲ್ಲ ಎಂದು ನಮ್ಮ ಹಕೀಮರು ಬಲ್ಲವರು.

ಆದ್ದರಿಂದ ಮನೆಯವರಿಗೆ ನನ್ನ ಮಾತು: ಶಾಲೆಯಿಂದ ಬಂದ ಸೊಸೆಯನ್ನು ನೇರ ಒಲೆಯ ಮುಂದೆ ನಿಲ್ಲಿಸಬೇಡಿ, ಅರ್ಧ ಗಂಟೆ ಅವಳದಾಗಿರಲಿ. ಇಶಾ ನಂತರ ನೋಟ್‌ಬುಕ್ ಬೇಡ, ಶಾಲೆಯ ವಾಟ್ಸ್‌ಆ್ಯಪ್ ಗ್ರೂಪೂ ಬೇಡ. ಮುಖ್ಯೋಪಾಧ್ಯಾಯರೇ, ತಿದ್ದುವುದಕ್ಕೂ ಪೀರಿಯಡ್ ಕೊಡಿ. ಶಿಕ್ಷಕರೇ, ಪ್ರತಿ ಮಗುವಿನ ಜೂನ್ ತಿಂಗಳ ಒಂದು ಪುಟ ತೆಗೆದಿಟ್ಟು ಡಿಸೆಂಬರ್‌ನ ಪುಟದ ಪಕ್ಕ ಇಟ್ಟು ನೋಡಿ. ನಿಮ್ಮ ಫಸಲು ಅಲ್ಲಿ ಕಾಣುತ್ತದೆ.

ಒಂದು ಎಚ್ಚರಿಕೆ. ದಣಿವೆಲ್ಲ ಬರ್ನ್‌ಔಟ್ ಅಲ್ಲ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆಗಳನ್ನು ಮೊದಲು ಪರೀಕ್ಷಿಸಿಕೊಳ್ಳಿ. ಬದುಕೇ ಬೇಡ ಎನಿಸಿದರೆ ತಡಮಾಡದೆ ಮನೋವೈದ್ಯರನ್ನು ಕಾಣಿ. ಸರಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಓದಿಸಿ ಶಿಕ್ಷಕಿ ಮಾಡಿದ ಹೆಣ್ಣುಮಗಳು ದಣಿದು ಕೆಲಸ ಬಿಟ್ಟರೆ ನಷ್ಟ ಅವಳೊಬ್ಬಳದಲ್ಲ, ಅವಳಿಂದ ಕಲಿಯಬೇಕಿದ್ದ ಮಕ್ಕಳದೂ ಹೌದು.